ಬಾಡಿಗೆ ಕೋಣೆಯಲ್ಲಿ ಒಂದು ಬಯಲು

ಇಂಗ್ಲಿಷ್ ನಿಸರ್ಗ ಸಾಹಿತ್ಯದಲ್ಲಿ ದೊಡ್ಡ ಹೆಸರಾದ ವಿಲಿಯಂ ಹೆನ್ರಿ ಹಡ್ಸನ್ ಇಂಗ್ಲೆಂಡಿನ ನೆಲ ಮೆಟ್ಟಿದ್ದು 1874ರಲ್ಲಿ, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ. ಅಮೆರಿಕದಿಂದ ವಲಸೆ ಹೋಗಿದ್ದ ದಂಪತಿಯ ಮಗನಾಗಿ ಅವನು 1841ರಲ್ಲಿ ಹುಟ್ಟಿದ್ದು ಅರ್ಜೆಂಟೀನಾದ ಪಂಪಾಸ್‌ನಲ್ಲಿ, ಎಂದರೆ ಬ್ಯೂನಸ್ ಐರಿಸ್ ಸುತ್ತ ಕಣ್ಣು ಹಾಯುವಷ್ಟು ದೂರ ಹಬ್ಬಿದ ಹುಲ್ಲುಬಯಲಿನಲ್ಲಿ. ಆ ಮನೆಗೆ ‘ಇಪ್ಪತ್ತೈದು ಓಂಬೂಗಳು’ ಎಂದೇ ಹೆಸರು. ಓಂಬೂ ಎಂಬುದು ಬೆಂಡಿನಂಥ ಕಾಂಡದ, ಸೌದೆಗೂ ಮರಗೆಲಸಕ್ಕೂ ಒದಗದ ಮರವಾದರೂ, ಮರವೇ ಅಪರೂಪವಾದ ಆ ಬಯಲಿನಲ್ಲಿ ದಾರಿಹೋಕರಿಗೆ ಅದೇ ನೆರಳು, ಅದೇ ಗುರುತು.

ಹದಿಹರೆಯದಲ್ಲಿ ಬಂದ ಜ್ವರ ಹೃದಯವನ್ನು ದುರ್ಬಲಗೊಳಿಸಿದ್ದರಿಂದ ಹೆಚ್ಚು ಕಾಲ ಬದುಕಲಾರ ಎನಿಸಿಕೊಂಡಿದ್ದ ಹಡ್ಸನ್ (ಎಂಬತ್ತೊಂದು ತುಂಬುವವರೆಗೆ ಬದುಕಿದ ಎಂಬುದು ಬೇರೆ ಮಾತು) ಹಕ್ಕಿಗಳನ್ನು ನೋಡುತ್ತಲೇ ಬೆಳೆದ. ಪಂಪಾಸ್‌ನ ಒಂದು ಮರಕುಟಿಗ ಮರವನ್ನೇ ಹತ್ತುವುದಿಲ್ಲವೆಂದು ಡಾರ್ವಿನ್ ಬರೆದಿದ್ದನ್ನು 1870ರಲ್ಲಿ ಅವನು ಖಂಡಿಸಿದ. ಡಾರ್ವಿನ್ ತನ್ನ ಮಾತನ್ನು ಪೂರ್ತಿ ಬಿಟ್ಟುಕೊಡಲಿಲ್ಲವಾದರೂ, ತನ್ನ ಗ್ರಂಥದ 1872ರ ಆವೃತ್ತಿಯಲ್ಲಿ, ಕೆಲವೆಡೆ ಅದೇ ಹಕ್ಕಿ ಮರ ಕೊರೆದು ಗೂಡು ಮಾಡುತ್ತದೆ ಎಂಬುದನ್ನು ಹಡ್ಸನ್‌ನ ಹೆಸರಿನಲ್ಲೇ ಸೇರಿಸಿದ.

ಲಂಡನ್ನಿನ ಬದುಕು ಬಡತನದ್ದು. ಹೆಂಡತಿ ಎಮಿಲಿ ನಡೆಸುತ್ತಿದ್ದ ವಸತಿಗೃಹ ನೆಲಕಚ್ಚಿತು. ಆ ಕಷ್ಟದ ನಡುವೆಯೂ ಅವನು ಬರೆಯುತ್ತಿದ್ದ. ಬರೆದ ಪದ್ಯಗಳು ಕೆಲವೇ, ಅವುಗಳಲ್ಲೊಂದು 1883ರಲ್ಲಿ ಅಚ್ಚಾದ, ಲಂಡನ್ನಿನ ಗುಬ್ಬಿಯನ್ನು ಕುರಿತದ್ದು. ಆದರೆ ಅವನ ನಿಜವಾದ ಕಾವ್ಯವಿರುವುದು ಗದ್ಯದಲ್ಲಿಯೇ ಎನ್ನಬೇಕು. ಆ ಗದ್ಯಕ್ಕೆ ಹರಿತವೂ ಇತ್ತು. ಬೆಳ್ಳಕ್ಕಿಯ ಬೆನ್ನಿನ ನವಿರು ಗರಿಗಳು ಗೂಡು ಕಟ್ಟುವ ಕಾಲದಲ್ಲಷ್ಟೇ ಮೂಡುವುದರಿಂದ, ಹೆಂಗಸರ ಟೋಪಿಗೆ ಅವು ಬೇಕೆಂದರೆ ಗೂಡಿನಲ್ಲಿ ಮರಿಗಳಿರುವಾಗಲೇ ತಾಯ್ತಂದೆ ಹಕ್ಕಿಗಳನ್ನು ಕೊಲ್ಲಬೇಕಾಗುತ್ತಿತ್ತು. ಈ ವ್ಯಾಪಾರದ ವಿರುದ್ಧ 1889ರಲ್ಲಿ ಹುಟ್ಟಿದ ಪಕ್ಷಿರಕ್ಷಣಾ ಸಂಘಕ್ಕಾಗಿ ಅವನು ಕರಪತ್ರಗಳನ್ನು ಬರೆದ. ಗರಿಗಳ ರಫ್ತನ್ನು ಭಾರತ 1902ರಲ್ಲಿಯೇ ನಿಷೇಧಿಸಿದರೂ, ಆಮದನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1921ರಲ್ಲಿ, ಹಡ್ಸನ್ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು.

1900ರಲ್ಲಿ ಬ್ರಿಟಿಷ್ ಪೌರನಾದ ಹಡ್ಸನ್ ಹುಟ್ಟೂರಿಗೆ ಮತ್ತೆಂದೂ ಹೋಗಲಿಲ್ಲ. ಆದರೆ 1915ರ ಕೊನೆಯಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ ಬಾಲ್ಯದ ಬಯಲು, ಎಲ್ಲ ವಿವರಗಳೊಡನೆ, ದಿನಗಟ್ಟಲೆ ಕಣ್ಣಮುಂದೆ ತೆರೆದುಕೊಂಡಿತು. ಆ ನೆನಪುಗಳೇ 1918ರಲ್ಲಿ ‘ಫಾರ್ ಅವೇ ಅಂಡ್ ಲಾಂಗ್ ಅಗೋ’ ಎಂಬ ಆತ್ಮಕಥೆಯಾದವು. ಇಂಗ್ಲಿಷಿನಲ್ಲೇ ಬರೆದ ಈ ಲೇಖಕನನ್ನು ಅರ್ಜೆಂಟೀನಾ ಗಿಯೆರ್ಮೊ ಎನ್ರಿಕೆ ಹಡ್ಸನ್ ಎಂದು ಸ್ಪ್ಯಾನಿಷಿನಲ್ಲಿ ಕರೆದುಕೊಂಡು, ಓಂಬೂಗಳ ಆ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದೆ.