ಡಿಗ್ರಿ ಆಯ್ತು, ಟೀಚರ್ ಆಗೋದು ಹೇಗೆ?

ಡಿಗ್ರಿ ಮುಗೀತು, ಶಾಲೆಯಲ್ಲಿ ಪಾಠ ಹೇಳೋ ಆಸೆ ಇದೆ. ಹಾಗಾದ್ರೆ ಮೊದಲ ಮೆಟ್ಟಿಲು 2 ವರ್ಷದ ಬಿ.ಇಡಿ. ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ.

ಈ ಕೋರ್ಸ್‌ನಲ್ಲಿ 20 ವಾರ ನೀವು ಶಾಲೆಯಲ್ಲೇ ಇರ್ತೀರಿ. ಕಂಕುಳಲ್ಲಿ ಪಾಠಯೋಜನೆ ಪುಸ್ತಕ, ಎದುರಿಗೆ ಪಿಳಿಪಿಳಿ ನೋಡೋ ಮಕ್ಕಳು, ಕೊನೆ ಬೆಂಚಲ್ಲಿ ಪೆನ್ನು ಹಿಡಿದು ಕೂತ ನಿಮ್ಮ ಲೆಕ್ಚರರ್. ಕೈ ನಡುಗುತ್ತೆ, ಬೋರ್ಡ್ ಮೇಲಿನ ಸಾಲು ಇಳಿಜಾರಾಗುತ್ತೆ. ಆಗಲಿ ಬಿಡಿ. ನನ್ನ ಪ್ರಕಾರ ಇಡೀ ಕೋರ್ಸ್‌ನಲ್ಲಿ ನಿಜವಾಗಿ ಕಲಿಯೋದು ಅಲ್ಲೇ.

ಒಂದು ಮಾತು ನೆನಪಿರಲಿ. 1ರಿಂದ 5ನೇ ತರಗತಿಗೆ ಬಿ.ಇಡಿ. ಸಾಲದು, ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿತು. 6ರಿಂದ 8ಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದ್ರೆ ಟಿಇಟಿಯ ಎರಡನೇ ಪತ್ರಿಕೆ ಬರೀಬೇಕು. 150ಕ್ಕೆ 90 ಬಂದರೆ ಸಾಮಾನ್ಯ ವರ್ಗದವರು ಪಾಸ್. ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತೆ.

ಇನ್ನು ದುಡ್ಡು. ಫೀಸಿಗೆ ಹೆದರಿ ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ಅರ್ಜಿನೇ ಹಾಕಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ, ವಸತಿಗೆ ವಿದ್ಯಾಸಿರಿ ಯೋಜನೆ ಇದೆ.

ಇವಕ್ಕೆ ಅರ್ಜಿ ಹಾಕೋ ಮುಂಚೆ, ಇವತ್ತೇ ಒಂದು ಕೆಲಸ ಮಾಡಿ: ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಈಗಲೇ ಸರಿ ಮಾಡಿಸಿ. ಆಮೇಲೆ ಬ್ಯಾಂಕಿಗೆ ಹೋಗಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ವಿದ್ಯಾರ್ಥಿವೇತನದ ಹಣ ಬರೋದು ಆಧಾರ್ ಜೋಡಣೆಯಾದ ಖಾತೆಗೇ.