ಲೀಡರ್‌ಗಿರಿಯೂ ಒಂದು ಸರದಿ

ಪೋಲಿಯೋ ಹನಿ ಹಾಕುವ ದಿನದ ಬ್ಯಾನರಿನಲ್ಲಿ ರೋಟರಿ ಚಕ್ರದ ಗುರುತು ನೋಡಿರುತ್ತೀರಿ. ಆ ಹೆಸರು ಹೇಗೆ ಬಂತು ಗೊತ್ತಾ?

1905ರ ಫೆಬ್ರುವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸಭೆ ಸೇರಿದರು. ಆಮೇಲೆ ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ನಡೆಯುತ್ತಿತ್ತು. ಹೀಗೆ ಸುತ್ತುವುದರಿಂದಲೇ 'ರೋಟರಿ' ಎಂಬ ಹೆಸರು. ಇವರ ಮೊದಲ ಸೇವಾಕೆಲಸ ಯಾವುದು? ನಗರದಲ್ಲಿ ಸಾರ್ವಜನಿಕ ಶೌಚಾಲಯ ಆಗುವಂತೆ ಮಾಡಿದ್ದು! ನಗಬೇಡಿ. ಜನಕ್ಕೆ ಬೇಕಾದದ್ದು ಯಾವುದೂ ಸಣ್ಣ ಕೆಲಸವಲ್ಲ.

ಈ ಕ್ಲಬ್ಬಿನ ಅಧ್ಯಕ್ಷರಿಗೆ ಸಂಬಳವಿಲ್ಲ. ಸಾಮಾನ್ಯವಾಗಿ ಪ್ರತಿ ಜುಲೈ 1ಕ್ಕೆ ಹೊಸಬರು ಬರುತ್ತಾರೆ, ಹಳಬರು ಮತ್ತೆ ಸದಸ್ಯರ ಸಾಲಿಗೆ ಸೇರುತ್ತಾರೆ. ಹೀಗೆ ಹೊಣೆ ಹೊರುವುದನ್ನು ಹಲವರು ಕಲಿಯುತ್ತಾರೆ.

ಆಗಾಗ ಬದಲಾದರೆ ಕೆಲಸ ಕೆಡೋದಿಲ್ಲವೇ? ಇಲ್ಲ. ರೋಟರಿಯವರು 1985ರಲ್ಲಿ ಜಗತ್ತಿನ ಮಕ್ಕಳಿಗೆಲ್ಲ ಪೋಲಿಯೋ ಲಸಿಕೆ ಹಾಕಿಸುವ ಕೆಲಸ ಹಿಡಿದರು. ವರ್ಷ ವರ್ಷ ಅಧ್ಯಕ್ಷರು ಬದಲಾದರು, ಕೆಲಸ ಬದಲಾಗಲಿಲ್ಲ. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು, ಸ್ವಯಂಸೇವಕರು ಎಲ್ಲರೂ ಕೈ ಜೋಡಿಸಿದರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು.

ಈಗ ನನ್ನ ವಿಷಯ. ಎರಡು ವರ್ಷದಿಂದ ನಾನೇ ಕ್ಲಾಸ್ ಲೀಡರ್. ಕಸ ಗುಡಿಸುವವರ ಪಟ್ಟಿ ಬರೆಯುವವನೂ ನಾನೇ. ಅದರಲ್ಲಿ ನನ್ನ ಹೆಸರು ಒಮ್ಮೆಯೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಸುಮ್ಮನಿದ್ದೆ. ಈ ಸೋಮವಾರದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಮುಂದಿನ ತಿಂಗಳು ಲೀಡರ್ ಸರದಿ ಯಾರದು? ಹಿಂದಿನ ಬೆಂಚಿನವರೂ ಕೈ ಎತ್ತಿ!