ಹಿತ್ತಲಿನ ಕಸಕ್ಕೊಂದು ಅಗ್ಗದ ಯಂತ್ರ

ಶಿಶಿರ ಋತು ಕಾಲಿಟ್ಟಿತೆಂದರೆ ನಮ್ಮ ಊರುಗಳ ಹೊಂಗೆ, ಬೇವು, ಬಾದಾಮಿ ಮರಗಳು ಎಲೆ ಉದುರಿಸಲು ಮೊದಲುಮಾಡುತ್ತವೆ. ಬೆಳಗ್ಗೆ ಗುಡಿಸಿದ ಅಂಗಳ ಸಂಜೆಯ ಹೊತ್ತಿಗೆ ಮತ್ತೆ ತರಗೆಲೆಗಳಿಂದ ತುಂಬಿರುತ್ತದೆ. ದಾಸವಾಳದ ಬೇಲಿಯನ್ನು ಸವರಿದಾಗ ಬಿದ್ದ ಕಡ್ಡಿಗಳು, ಒಣಗಿದ ಬಳ್ಳಿಗಳು, ಕಿತ್ತ ಕಳೆ ಇವೂ ಅದರೊಡನೆ ಸೇರುತ್ತವೆ. ಈ ರಾಶಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಬಹುಮಂದಿ ಕಂಡುಕೊಂಡಿರುವ ಉತ್ತರವೆಂದರೆ ಒಂದು ಬೆಂಕಿಕಡ್ಡಿ.

ಈ ಉತ್ತರ ಸರಿಯಾದುದಲ್ಲ. ತೇವವಿರುವ ಎಲೆ ಪೂರ್ತಿಯಾಗಿ ಉರಿಯದೆ ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ವಿಷಕರವಾದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಅತಿ ಸೂಕ್ಷ್ಮವಾದ ಮಸಿಯ ಕಣಗಳೂ ಇರುತ್ತವೆ. ಗಿಡಕ್ಕೆ ಬೇಕಾದ ಸಾರಜನಕದ ಬಹುಭಾಗ ಗಾಳಿಗೆ ಹೋಗಿ ಬೂದಿಯಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ತೆರೆದ ಜಾಗದಲ್ಲಿ ಸುಡಕೂಡದೆಂದು ವಿಧಿಸಿದವು. ತೋಟದ ಕಸವನ್ನು ಮನೆಯ ಆವರಣದಲ್ಲಿಯೇ ಬೇರೆಯಾಗಿ ಕೂಡಿಡಬೇಕೆಂದೂ ಹೇಳಿದವು. ಆದರೆ ಕೂಡಿಟ್ಟ ರಾಶಿ ಬೇಗ ಕೊಳೆಯದು. ಅದನ್ನು ಸಣ್ಣಗೆ ಕತ್ತರಿಸುವ ಯಂತ್ರವೊಂದು ಮನೆಯಲ್ಲಿದ್ದರೆ ಗೊಬ್ಬರದ ಕೆಲಸ ಸುಲಭವಾಗುತ್ತದೆ. ಸಾಮಾನ್ಯ ಕುಟುಂಬಕ್ಕೆ ನಿಲುಕುವ ಬೆಲೆಯಲ್ಲಿ ಅಂತಹ ಯಂತ್ರವನ್ನು ರೂಪಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ಪ್ರೌಢಶಾಲೆಯ ಮತ್ತು ಕಾಲೇಜಿನ ಪಠ್ಯಪುಸ್ತಕಗಳಲ್ಲಿಯೇ ಇದೆ.

ತುಂಡರಿಸುವುದೇಕೆ?

ಎಲೆ ಕಡ್ಡಿಗಳನ್ನು ಗೊಬ್ಬರವಾಗಿಸುವವು ಕಣ್ಣಿಗೆ ಕಾಣದ ಜೀವಾಣುಗಳು ಮತ್ತು ಬೂಷ್ಟುಗಳು. ಅವು ಕೆಲಸ ಮಾಡುವುದು ವಸ್ತುವಿನ ಹೊರಮೈಯ ಮೇಲೆ. ಎಲೆಯ ಮೇಲೆ ಮೇಣದಂತಹ ಪೊರೆಯುಂಟು. ಕಡ್ಡಿಗೆ ತೊಗಟೆಯ ಕವಚವುಂಟು. ಗಿಡ ಬದುಕಿದ್ದಾಗ ರೋಗಾಣುಗಳನ್ನು ತಡೆದ ಈ ಕೋಟೆಗಳೇ ಅದು ಸತ್ತಮೇಲೆ ಕೊಳೆಯುವಿಕೆಯನ್ನೂ ತಡೆಯುತ್ತವೆ. ಅರ್ಧ ಮೀಟರ್ ಉದ್ದದ ಕಡ್ಡಿಯೊಂದಕ್ಕೆ ತೆರೆದ ತುದಿಗಳು ಎರಡೇ. ಅದನ್ನು 1 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿದರೆ 50 ತುಂಡುಗಳೂ 100 ತೆರೆದ ಮುಖಗಳೂ ಆಗುತ್ತವೆ. ನೂರು ಬಾಗಿಲುಗಳು ತೆರೆದಂತಾಯಿತು. ಇಡಿಯ ಎಲೆಗಳಾದರೋ ಒದ್ದೆಯಾದಾಗ ಒಂದರ ಮೇಲೊಂದು ಅಂಟಿಕೊಂಡು ಗಾಳಿಯಾಡದ ಹಾಳೆಗಳ ಕಟ್ಟಿನಂತಾಗುತ್ತವೆ. ತುಂಡಾದ ಎಲೆಗಳ ನಡುವೆ ಗಾಳಿ ಸುಳಿಯುತ್ತದೆ.

ಜೀವಾಣುಗಳ ಊಟಕ್ಕೆ ಸುಮಾರು 30 ಭಾಗ ಇಂಗಾಲಕ್ಕೆ 1 ಭಾಗ ಸಾರಜನಕ ಇರಬೇಕು. ತರಗೆಲೆಯಲ್ಲಿ ಇಂಗಾಲ ಇದಕ್ಕಿಂತ ಹೆಚ್ಚು. ಹಸಿ ಹುಲ್ಲು ಮತ್ತು ಸಗಣಿಯಲ್ಲಿ ಕಡಿಮೆ. ಎಲ್ಲವೂ ಸಣ್ಣ ತುಂಡುಗಳಾಗಿದ್ದರೆ ಇವನ್ನು ಹದವಾಗಿ ಬೆರೆಸಬಹುದು.

ಈ ಸತ್ಯ ಹೊಸದಲ್ಲ. 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ತಮ್ಮ ಪ್ರಸಿದ್ಧ ಇಂದೋರ್ ಗೊಬ್ಬರದ ಕ್ರಮವನ್ನು ರೂಪಿಸುವಾಗ ಹತ್ತಿಯ ಕಡ್ಡಿ, ತೊಗರಿಯ ಕಡ್ಡಿಗಳ ಗಡಸುತನವನ್ನು ಎದುರಿಸಬೇಕಾಯಿತು. ಅವರು ಅದಕ್ಕೆ ಯಂತ್ರವನ್ನು ಹುಡುಕಲಿಲ್ಲ. ಕಡ್ಡಿಗಳನ್ನು ಹೊಲದ ದಾರಿಯ ಮೇಲೆ ಹರಡಿಸಿದರು. ಹಾದುಹೋಗುವ ಬಂಡಿಗಳ ಚಕ್ರ ಅವನ್ನು ಜಜ್ಜಿ ಸೀಳಿತು. ಕೈಗೆಟಕುವ ಉಪಾಯವೆಂದರೆ ಇದು. ಆದರೆ ಬಂಡಿದಾರಿಯಿಲ್ಲದ ಇಂದಿನ ಹಿತ್ತಲಿಗೆ ಬೇರೆ ಏರ್ಪಾಡು ಬೇಕು.

ಕಡ್ಡಿಯ ದಪ್ಪವೂ ಯಂತ್ರದ ಬೆಲೆಯೂ

ಯಂತ್ರವನ್ನು ರೂಪಿಸಲು ಹೊರಟವನು ಮೊದಲು ಕೇಳಬೇಕಾದ ಪ್ರಶ್ನೆ, “ಇದು ಕತ್ತರಿಸಬೇಕಾದ ಅತಿ ದಪ್ಪನೆಯ ಕಡ್ಡಿ ಯಾವುದು?” ಎಂಬುದು. ಮೋಟಾರು, ತಟ್ಟೆ, ಬೇರಿಂಗು, ಚೌಕಟ್ಟು ಎಲ್ಲದರ ಗಾತ್ರವೂ ಈ ಒಂದು ಉತ್ತರವನ್ನು ಅವಲಂಬಿಸಿದೆ.

ಕಾರಣವನ್ನು ನೋಡೋಣ. ಕಡ್ಡಿಯನ್ನು ಅಡ್ಡಡ್ಡಲಾಗಿ ಕತ್ತರಿಸಲು ಬೇಕಾದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದೊಡನೆ ಏರುತ್ತದೆ. ವ್ಯಾಸ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಬಲವೂ ಸರಿಸುಮಾರು ನಾಲ್ಕರಷ್ಟಾಗುತ್ತದೆ. ಆ ಬಲದೊಡನೆ ಅಲಗು ಸಾಗಬೇಕಾದ ದೂರವೂ ಎರಡರಷ್ಟು. ಕೆಲಸವೆಂದರೆ ಬಲ ಮತ್ತು ದೂರಗಳ ಗುಣಲಬ್ಧ. ಆದುದರಿಂದ ಕಡ್ಡಿಯ ದಪ್ಪ ಎರಡರಷ್ಟಾದರೆ ಕತ್ತರಿಸುವ ಕೆಲಸ ಎಂಟರಷ್ಟಾಗುತ್ತದೆ.

1 ಸೆಂ.ಮೀ. ದಪ್ಪದ, ಎಂದರೆ ಕಿರುಬೆರಳಿನ ಗಾತ್ರದ, ಹಸಿ ಕಡ್ಡಿಯನ್ನು ಒಮ್ಮೆ ಕತ್ತರಿಸಲು 10 ಜೌಲ್ ಬೇಕೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹಾಗಾದರೆ 2 ಸೆಂ.ಮೀ. ಕಡ್ಡಿಗೆ 80 ಜೌಲ್, 4 ಸೆಂ.ಮೀ. ಕೊಂಬೆಗೆ 640 ಜೌಲ್! ಮನೆಯ ಹಿತ್ತಲಿನಲ್ಲಿ ಮಣಿಕಟ್ಟಿನ ಗಾತ್ರದ ಕೊಂಬೆಗಳು ಬೀಳುವುದು ಅಪರೂಪ. ಬಿದ್ದರೂ ಅವು ಸೌದೆಯಾಗುತ್ತವೆ, ಇಲ್ಲವೆ ಚಪ್ಪರದ ಗೂಟವಾಗುತ್ತವೆ. ವರ್ಷಕ್ಕೆ ನಾಲ್ಕು ಬಾರಿ ಬೀಳುವ ಕೊಂಬೆಗಾಗಿ ವರ್ಷವಿಡೀ ದೊಡ್ಡ ಯಂತ್ರದ ಹೊರೆ ಹೊರುವುದು ಜಾಣತನವಲ್ಲ. ಎಲೆ ಮತ್ತು ಕಿರುಬೆರಳಿನ ಗಾತ್ರದವರೆಗಿನ ಕಡ್ಡಿ ಇಷ್ಟಕ್ಕೇ ಯಂತ್ರವನ್ನು ಮಿತಿಗೊಳಿಸಿದರೆ ಅಗ್ಗದ ಮೊದಲನೆಯ ಗುಟ್ಟು ಕೈಸೇರಿತು.

ಭಾರಚಕ್ರದ ಉಪಕಾರ

ಈಗ ಯಂತ್ರದ ನಕ್ಷೆಗೆ ಬರೋಣ. 30 ಸೆಂ.ಮೀ. ವ್ಯಾಸದ, 1 ಸೆಂ.ಮೀ. ದಪ್ಪದ ಉಕ್ಕಿನ ತಟ್ಟೆಯೊಂದಿದೆ. ಅದರ ಮುಖದ ಮೇಲೆ ಎದುರುಬದುರಾಗಿ ಎರಡು ಅಲಗುಗಳಿವೆ. ತಟ್ಟೆಯನ್ನು ಬೆಲ್ಟಿನ ಮೂಲಕ ತಿರುಗಿಸುವುದು ಮಾಮೂಲಿ ನಾಲ್ಕು ಧ್ರುವಗಳ 1 ಅಶ್ವಶಕ್ತಿಯ ಮೋಟಾರು. ನಮ್ಮ 50 ಆವರ್ತಗಳ ವಿದ್ಯುತ್ತಿನಲ್ಲಿ ಅದರ ವೇಗ ನಿಮಿಷಕ್ಕೆ ಸುಮಾರು 1,440 ಸುತ್ತು, ಎಂದರೆ ಸೆಕೆಂಡಿಗೆ 24. ಅಕ್ಷದಿಂದ 12 ಸೆಂ.ಮೀ. ದೂರದಲ್ಲಿ ಅಲಗಿನ ವೇಗ ಸೆಕೆಂಡಿಗೆ 18 ಮೀಟರ್. ಆ ವೇಗದಲ್ಲಿ ಅಲಗು 1 ಸೆಂ.ಮೀ. ಕಡ್ಡಿಯನ್ನು ದಾಟಲು ಸೆಕೆಂಡಿನ 1,800ನೆಯ ಒಂದು ಭಾಗ ಸಾಕು.

ಇಷ್ಟು ಅಲ್ಪಕಾಲದಲ್ಲಿ 10 ಜೌಲ್ ಕೆಲಸ ಮುಗಿಯಬೇಕಾದರೆ ಆ ಕ್ಷಣಕ್ಕೆ ಬೇಕಾದ ಸಾಮರ್ಥ್ಯ 18,000 ವಾಟ್, ಸುಮಾರು 24 ಅಶ್ವಶಕ್ತಿ! 746 ವಾಟಿನ ನಮ್ಮ ಮೋಟಾರು ಅದೇ ಅವಧಿಯಲ್ಲಿ ಅರ್ಧ ಜೌಲನ್ನೂ ಕೊಡಲಾರದು. ಹಾಗಿದ್ದೂ ಯಂತ್ರ ನಡೆಯುವುದು ಹೇಗೆ?

ಉತ್ತರ ತಟ್ಟೆಯ ತೂಕದಲ್ಲಿದೆ. ಸುಮಾರು ಐದೂವರೆ ಕಿಲೋಗ್ರಾಂ ತೂಗುವ ಆ ತಟ್ಟೆ ಬರಿಯ ಅಲಗಿನ ಪೀಠವಲ್ಲ, ಶಕ್ತಿಯ ಕಣಜವೂ ಹೌದು. ತಿರುಗುವ ತಟ್ಟೆಯ ಚಲನಶಕ್ತಿಯನ್ನು ಸೂತ್ರದಂತೆ ಲೆಕ್ಕಹಾಕಿದರೆ ಸುಮಾರು 700 ಜೌಲ್ ಬರುತ್ತದೆ. ಒಂದು ಕಡಿತಕ್ಕೆ ಹೋಗುವ 10 ಜೌಲ್ ಅದರಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ. ಮುಂದಿನ ಕಡಿತ ಬರುವುದರೊಳಗೆ ಮೋಟಾರು ಆ ಸಾಲವನ್ನು ತೀರಿಸುತ್ತದೆ. ಸೆಕೆಂಡಿಗೆ 48 ಕಡಿತಗಳಾದರೂ ಒಟ್ಟು ಬೇಕಾದುದು 480 ವಾಟ್. ಮೋಟಾರಿನ ಬಳಿ 746 ಉಂಟು. ಉಳಿದುದು ಬೆಲ್ಟು ಬೇರಿಂಗುಗಳ ಘರ್ಷಣೆಗೂ ತುಂಡುಗಳನ್ನು ಹೊರಕ್ಕೆಸೆಯುವುದಕ್ಕೂ ಆಗುತ್ತದೆ. ಒಂದೊಂದು ಬಾರಿಯೂ 1 ಸೆಂ.ಮೀ. ಕತ್ತರಿಸಿದರೆ ಅರ್ಧ ಮೀಟರಿನ ಕಡ್ಡಿ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮಾಯವಾಗುತ್ತದೆ. ಇದೇ ಯಂತ್ರಕ್ಕೆ 2 ಸೆಂ.ಮೀ. ಕಡ್ಡಿಯನ್ನು ಬಿಡದೆ ಉಣಿಸಿದರೆ 3,840 ವಾಟ್ ಬೇಕಾಗುತ್ತದೆ. ಚಕ್ರದ ಕಣಜ ಕ್ಷಣದಲ್ಲಿ ಬರಿದಾಗಿ ಯಂತ್ರ ನಿಂತುಬಿಡುತ್ತದೆ.

ದನಗಳ ಮೇವನ್ನು ಕತ್ತರಿಸುವ ಕೈಯಂತ್ರದ ದೊಡ್ಡ ಚಕ್ರವನ್ನು ವಾಚಕರು ನೋಡಿರಬಹುದು. ಅಲ್ಲಿಯೂ ನಡೆಯುವುದು ಇದೇ ತತ್ತ್ವ. ಮನುಷ್ಯ ಬಹುಹೊತ್ತು ದಣಿಯದೆ ಕೊಡಬಲ್ಲ ಸಾಮರ್ಥ್ಯ ಸುಮಾರು 75 ವಾಟ್. ಭಾರವಾದ ಚಕ್ರದಲ್ಲಿ ಅದನ್ನು ಕೂಡಿಡುವುದರಿಂದಲೇ ಅವನ ತೋಳು ಗಟ್ಟಿ ಜೋಳದ ದಂಟನ್ನು ತುಂಡರಿಸಬಲ್ಲುದು. ಕೆಲಸ ನಿಧಾನವಾದರೂ ಆಗಲಿ ಎನ್ನುವವರಿಗೆ ವಿದ್ಯುತ್ತೇ ಬೇಕಿಲ್ಲ. ಹಾಗೆಂದು ವಿದ್ಯುದ್ಯಂತ್ರದ ಚಕ್ರವನ್ನು ಮನಬಂದಷ್ಟು ಭಾರ ಮಾಡುವಂತಿಲ್ಲ. ಚಕ್ರ ಭಾರವಾದಷ್ಟೂ ಮೋಟಾರು ಪೂರ್ಣ ವೇಗಕ್ಕೆ ಬರಲು ತಡವಾಗುತ್ತದೆ. ಆ ಹೊತ್ತಿನಲ್ಲಿ ಹೆಚ್ಚು ವಿದ್ಯುತ್ತನ್ನು ಎಳೆದು ಬಿಸಿಯಾಗುತ್ತದೆ.

ಅಲಗಿನ ವಿಚಾರ

ಈಳಿಗೆಮಣೆಯಲ್ಲಿ ಅಲಗು ಒಂದೇ. ಏಕೆಂದರೆ ಕಾಯಿಯನ್ನು ಕೈ ಹಿಡಿದಿರುತ್ತದೆ. ಯಂತ್ರದೊಳಗೆ ಹಿಡಿಯುವ ಕೈ ಇಲ್ಲ. ಆದುದರಿಂದ ಕತ್ತರಿಯಲ್ಲಿರುವಂತೆ ಎರಡು ಅಂಚುಗಳು ಬೇಕು: ತಿರುಗುವ ಅಲಗು, ಅದರೆದುರು ಅಲುಗಾಡದ ಅಡ್ಡಪಟ್ಟಿ. ಇವೆರಡರ ನಡುವಿನ ಸಂದು 1 ಮಿಲಿಮೀಟರನ್ನು ಮೀರಬಾರದು. ಮೀರಿದರೆ ಒಣ ಎಲೆ ಕತ್ತರಿಸಿಹೋಗದೆ ಮಡಚಿಕೊಂಡು ಸಂದಿನಲ್ಲಿ ನುಸುಳುತ್ತದೆ. ಬೇರಿಂಗು ಸಡಿಲವಾದರೆ ಎರಡು ಅಂಚುಗಳೂ ಒಂದಕ್ಕೊಂದು ತಗಲುವ ಭಯವುಂಟು. ಆದುದರಿಂದ ಬೇರಿಂಗಿನಲ್ಲಿ ಜಿಪುಣತನ ಕೂಡದು. ಅಲಗನ್ನು ಕೊಂಚ ಓರೆಯಾಗಿ ಕೂರಿಸಿದರೆ ಕತ್ತರಿಯಂತೆ ಒಂದು ಕಡೆಯಿಂದ ಕತ್ತರಿಸುತ್ತ ಸಾಗಿ ಪೆಟ್ಟು ಮೆದುವಾಗುತ್ತದೆ.

ಲಾರಿಯ ಹಳೆಯ ಸ್ಪ್ರಿಂಗಿನ ಪಟ್ಟಿಯಿಂದ ಒಳ್ಳೆಯ ಅಲಗನ್ನು ಮಾಡಿಸಬಹುದು. ಆದರೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದಷ್ಟಕ್ಕೆ ಕೆಲಸ ಮುಗಿಯದು. ಹಾಗೆ ಗಡುಸಾದ ಉಕ್ಕು ಗಾಜಿನಂತೆ ಪೆಡಸು. ಅದನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸುತನವನ್ನು ಇಳಿಸಲೇಬೇಕು. 300 ಗ್ರಾಂ ತೂಕದ ಅಲಗನ್ನು ಅದರ ಸ್ಥಾನದಲ್ಲಿ ಹಿಡಿದಿಡಲು, ನಾವು ಹೇಳಿದ ವೇಗದಲ್ಲಿ, 83 ಕಿಲೋಗ್ರಾಂ ಭಾರಕ್ಕೆ ಸಮನಾದ ಸೆಳೆತ ಬೇಕು. ದಪ್ಪನೆಯ ಆಳೊಬ್ಬ ಆ ಬೋಲ್ಟುಗಳಿಗೆ ಜೋತುಬಿದ್ದಿರುವನೆಂದು ಭಾವಿಸಿಕೊಂಡರೆ ಅವು ಎಷ್ಟು ಬಲವಾಗಿರಬೇಕೆಂಬುದು ತಿಳಿಯುತ್ತದೆ.

ಬರಿಯ ತರಗೆಲೆಯೇ ಕಸವಾಗಿರುವ ಮನೆಗೆ ಇಷ್ಟೂ ಬೇಡ. ಪೀಪಾಯಿಯೊಂದರೊಳಗೆ ವೇಗವಾಗಿ ಸುತ್ತುವ ನೈಲಾನ್ ದಾರವೇ ಒಣ ಎಲೆಯನ್ನು ಪುಡಿಮಾಡುತ್ತದೆ. ತೆಂಗಿನ ಗರಿಯನ್ನಂತೂ ಎರಡಕ್ಕೂ ಹಾಕಬಾರದು. ಅದರ ನಾರು ಅಕ್ಷಕ್ಕೆ ಸುತ್ತಿಕೊಂಡು ಯಂತ್ರವನ್ನು ಬಿಗಿಯುತ್ತದೆ. ಗರಿಯ ಕಡ್ಡಿಗೆ ಪೊರಕೆಯ ಉದ್ಯೋಗ ಹೇಗೂ ಇದೆ.

ಉಳಿತಾಯ ಸಲ್ಲದ ಸ್ಥಳ

ಇಲ್ಲಿಯವರೆಗೆ ಹಣ ಉಳಿಸುವ ಮಾತನ್ನಾಡಿದೆವು. ಉಳಿಸಬಾರದ ಸ್ಥಳ ಯಂತ್ರದ ಬಾಯಿ. ಮೇಲಿನ 700 ಜೌಲ್‌ಗಳ ಅರ್ಥವೇನು? 10 ಕಿಲೋಗ್ರಾಂ ಕಲ್ಲೊಂದು 7 ಮೀಟರ್ ಎತ್ತರದಿಂದ, ಎಂದರೆ ಎರಡಂತಸ್ತಿನ ಮಾಳಿಗೆಯಿಂದ, ಬಿದ್ದಾಗ ಇರುವ ಶಕ್ತಿ. ಕಡ್ಡಿಯನ್ನು ಸಾವಿರದೆಂಟುನೂರನೆಯ ಒಂದು ಸೆಕೆಂಡಿನಲ್ಲಿ ಕತ್ತರಿಸುವ ಅಲಗಿಗೆ ಬೆರಳು ಬೇರೆಯಲ್ಲ, ಕಡ್ಡಿ ಬೇರೆಯಲ್ಲ. ಕೈ ಹಿಂದೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಅಲಗುಗಳು ಒಂಬತ್ತು ಬಾರಿ ಹಾದುಹೋಗಿರುತ್ತವೆ. ಎಚ್ಚರಿಕೆಯಿಂದ ಇರುತ್ತೇನೆಂಬ ಮಾತು ಇಲ್ಲಿ ಕಾಪಾಡದು.

ನಮ್ಮ ದೇಶದಲ್ಲಿ ಒಕ್ಕಣೆ ಯಂತ್ರಗಳು ಹರಡಿದಾಗ ಪೈರು ಉಣಿಸುವ ಬಾಯಿಗೆ ಸಿಕ್ಕಿ ಕೈ ಕಳೆದುಕೊಂಡವರು ಅನೇಕರು. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಆ ಪಾಠವನ್ನು ಹಿತ್ತಲಿನ ಯಂತ್ರವೂ ಕಲಿಯಬೇಕು. ಕಡ್ಡಿ ಹಾಕುವ ಕೊಳವೆ ತೋಳಿಗಿಂತ ಉದ್ದವಾಗಿರಲಿ, ಬಾಯಿ ಕಿರಿದಾಗಿರಲಿ, ನಡುವೆ ಒಂದು ಬಾಗು ಇರಲಿ. ಸಿಕ್ಕಿಕೊಂಡ ಕಸವನ್ನು ಕೋಲಿನಿಂದ ಮಾತ್ರ ತಳ್ಳಬೇಕು. ಸ್ವಿಚ್ಚು ಆರಿಸಿದಮೇಲೂ ಚಕ್ರ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ, ಕಣಜದಲ್ಲಿರುವುದು ತೀರಬೇಡವೆ? ಆದುದರಿಂದ ಮುಚ್ಚಳವನ್ನು ತೆರೆಯುವ ಮೊದಲು ಪ್ಲಗ್ಗನ್ನು ಕಿತ್ತು, ಚಕ್ರ ಪೂರ್ತಿ ನಿಂತುದನ್ನು ನೋಡಬೇಕು. ವಿದ್ಯುತ್ತು ಹೋಗಿ ಮತ್ತೆ ಬಂದಾಗ ಯಂತ್ರ ತಾನಾಗಿ ಹೊರಡಕೂಡದು. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರು ಇದನ್ನು ತಡೆಯುತ್ತದೆ. ಒದ್ದೆ ನೆಲದ ಮೇಲೆ ನಡೆಯುವ ಯಂತ್ರಕ್ಕೆ ಅರ್ಥಿಂಗ್ ತಂತಿ ತಪ್ಪಬಾರದು. ದಪ್ಪ ಕೊಂಬೆಯ ಆಸೆ ಬಿಟ್ಟು ಮೋಟಾರಿನಲ್ಲಿ ಉಳಿಸಿದ ಹಣವನ್ನು ಈ ಕಾವಲುಗಳಿಗೆ ವಿನಿಯೋಗಿಸಿದರೆ ಲೆಕ್ಕ ಸರಿಹೋಗುತ್ತದೆ.

ಬೆಲೆಯನ್ನು ಭಾಗಿಸುವುದು

ಈ ಯಂತ್ರ ನಡೆಯುವಾಗ ಮೀಟರಿನಿಂದ ಎಳೆಯುವುದು ಒಂದು ಕಿಲೋವಾಟಿಗಿಂತ ತುಸು ಹೆಚ್ಚು. ವಾರಕ್ಕೆ ಕಾಲು ಗಂಟೆ ನಡೆಸಿದರೆ ಖರ್ಚಾಗುವುದು ಕಾಲು ಯೂನಿಟ್ಟಿನ ಆಸುಪಾಸು. ನಡೆಸುವ ಖರ್ಚು ಅತ್ಯಲ್ಪ; ಹೊರೆಯೆಲ್ಲ ಕೊಳ್ಳುವ ಬೆಲೆಯದು. ವಾರದ 168 ಗಂಟೆಗಳಲ್ಲಿ ಕಾಲು ಗಂಟೆ ದುಡಿದು ಉಳಿದ ಹೊತ್ತೆಲ್ಲ ಮೂಲೆಯಲ್ಲಿ ನಿಲ್ಲುವ ಯಂತ್ರವನ್ನು ಒಂದು ಬೀದಿಯ ಹತ್ತು ಮನೆಗಳವರು ಸೇರಿ ಇಟ್ಟುಕೊಂಡರೆ ಬೆಲೆ ಹತ್ತರಲ್ಲೊಂದಾಗುತ್ತದೆ. ಯಾವ ಎಂಜಿನಿಯರನೂ ಯಂತ್ರವನ್ನು ಇದಕ್ಕಿಂತ ಅಗ್ಗ ಮಾಡಲಾರ.

ಯಂತ್ರವನ್ನು ಕೊಳ್ಳುವ ಅಥವಾ ಮಾಡಿಸುವ ಮೊದಲು ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಬಹುದು. ಒಂದು ವಾರ ತಮ್ಮ ಹಿತ್ತಲಿನಲ್ಲಿ ಬೀಳುವ ಕಸವನ್ನು ಮೂರು ಗುಂಪು ಮಾಡಲಿ: ಎಲೆ, ಕಿರುಬೆರಳಿಗಿಂತ ತೆಳುವಾದ ಕಡ್ಡಿ, ಅದಕ್ಕಿಂತ ದಪ್ಪನೆಯದು. ಮೂರನ್ನೂ ತೂಗಿ ಬರೆದಿಡಲಿ. ಮೂರನೆಯ ಗುಂಪಿನ ತೂಕವನ್ನು ನೋಡಿದರೆ ಆ ಮನೆಗೆ ಎಂತಹ ಯಂತ್ರ ಬೇಕೆಂಬುದೂ ಅದಕ್ಕೆ ಯಂತ್ರವೇ ಬೇಕೆ ಎಂಬುದೂ ತಿಳಿದುಬರುತ್ತದೆ.